ವಜ್ರಮುಷ್ಟಿಯ ನ್ಯಾಯ

ನಂಜನಗೂಡು ತಾಲ್ಲೂಕಿನ ಹೆಡತಲೆಯಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಾಲಯವಿದೆ. ಅಲ್ಲಿಗೆ ಹೋದವರಿಗೆ ಊರಿನವರು ಹೆಮ್ಮೆಯಿಂದ ತೋರಿಸುವುದು ‘ಹದಿನಾರು ಮುಖದ ಚಾವಡಿ’ಯನ್ನು. ಹಿಂದೆ ಅಲ್ಲಿ ಆಳುತ್ತಿದ್ದ ಅರಸನಿಗೆ ಹದಿನಾರು ಮಂದಿ ಅಳಿಯಂದಿರಿದ್ದರಂತೆ. ಹದಿನಾರು ಮಂದಿಯೂ ಒಟ್ಟಿಗೆ ಮಾವನ ಮನೆಗೆ ಬಂದರೆ ಯಾರನ್ನು ಮೊದಲು ಕೂರಿಸಬೇಕು, ಯಾರನ್ನು ಆಮೇಲೆ ಕೂರಿಸಬೇಕು? ಅರಸ ಕಲ್ಲುಕುಟಿಗರನ್ನು ಕರೆಸಿ, ಒಬ್ಬೊಬ್ಬರಿಗೂ ಒಂದೊಂದು ಮುಖ ಬರುವಂತೆ ಚಾವಡಿ ಕಟ್ಟಿಸಿದ. ಎಲ್ಲರೂ ಸಮನಾದರು ಎಂಬುದು ಊರಿನವರು ಹೇಳಿಕೊಂಡು ಬಂದಿರುವ ಕಥೆ. ಕಥೆಯಲ್ಲಿ ಇತಿಹಾಸ ಎಷ್ಟೇ ಇರಲಿ, ಅಳಿಯಂದಿರ ಸ್ವಭಾವ ಬಲ್ಲ ಮಾವನೊಬ್ಬನ ಜಾಣತನವಂತೂ ಇದೆ.

ಕೂರುವ ಜಾಗವನ್ನು ಸಮ ಮಾಡುವುದು ಒಂದು ಲೆಕ್ಕಕ್ಕೆ ಸುಲಭ. ಕಲ್ಲು ಕದಲುವುದಿಲ್ಲ, ಅಳತೆ ಬದಲಾಗುವುದಿಲ್ಲ. ಆದರೆ ಇಬ್ಬರು ಎದುರುಬದುರು ನಿಂತು, ಕೈಯಲ್ಲಿ ಏನನ್ನಾದರೂ ಹಿಡಿದು ಸೆಣಸುವಾಗ ಆ ವಸ್ತುವನ್ನು ಸಮ ಮಾಡುವುದು ಹೇಗೆ? 2025ರ ಏಪ್ರಿಲ್‌ನಲ್ಲಿ ಐಪಿಎಲ್ ಪಂದ್ಯಗಳ ನಡುವೆ ಅಂಪೈರ್‌ಗಳು ಮೈದಾನದಲ್ಲೇ ಅಚ್ಚೊಂದನ್ನು ಹಿಡಿದು, ಆಟಗಾರರ ಬ್ಯಾಟುಗಳನ್ನು ಅದರೊಳಗೆ ತೂರಿಸಿ ನೋಡತೊಡಗಿದಾಗ ಪ್ರೇಕ್ಷಕರಿಗೆ ಇದು ಹೊಸದೆನಿಸಿತು. ಅಮೆರಿಕದಲ್ಲಿ ಹುಟ್ಟಿ ಈಗ ಬೆಂಗಳೂರಿನ ಬಡಾವಣೆಗಳಿಗೂ ಬಂದಿರುವ ಪಿಕಲ್‌ಬಾಲ್ ಆಟದಲ್ಲಂತೂ ಪ್ಯಾಡಲ್ ಪರೀಕ್ಷೆಯೇ ಒಂದು ದೊಡ್ಡ ವ್ಯಾಜ್ಯವಾಗಿದೆ. ಪ್ರಶ್ನೆ ಮಾತ್ರ ಹೊಸದಲ್ಲ. ಹೆಡತಲೆ ಇರುವ ಜಿಲ್ಲೆಯಲ್ಲೇ, ಮೈಸೂರಿನ ಅರಮನೆಯ ಅಂಗಳದಲ್ಲಿ, ಪ್ರತಿವರ್ಷ ವಿಜಯದಶಮಿಯ ಬೆಳಿಗ್ಗೆ ನಡೆಯುವ ಒಂದು ಕಾಳಗದಲ್ಲಿ ಇದೇ ಪ್ರಶ್ನೆಗೆ ತೀರಾ ಬೇರೆ ಬಗೆಯ ಉತ್ತರವನ್ನು ಹಿಂದೆಯೇ ಕಂಡುಕೊಳ್ಳಲಾಗಿತ್ತು. ಅಲ್ಲಿ ಆಯುಧ ಸರಿಯಿಲ್ಲದಿದ್ದರೆ ಹೋಗುವುದು ರನ್ನುಗಳಲ್ಲ, ಅಂಕಗಳಲ್ಲ, ತಲೆ.

ಒಂದು ನಿಮಿಷದ ಕಾಳಗ

ಇದೇ ವಜ್ರಮುಷ್ಟಿ ಕಾಳಗ, ಜನರ ಬಾಯಲ್ಲಿ ಜೆಟ್ಟಿ ಕಾಳಗ. ಜಂಬೂಸವಾರಿಗೆ ಸೇರುವ ಲಕ್ಷಾಂತರ ಮಂದಿಯಲ್ಲಿ ಇದನ್ನು ಕಣ್ಣಾರೆ ಕಂಡವರು ಕಡಿಮೆ. ಇದು ರಾಜಮನೆತನದ ಖಾಸಗಿ ದಸರಾದ ಭಾಗ. ನಡೆಯುವುದು ಅರಮನೆಯ ಒಳಗೆ, ಆಹ್ವಾನಿತರ ಎದುರು. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜೆಟ್ಟಿ ಮನೆತನಗಳ ಯುವಕರು ಜೋಡಿಗಳಾಗಿ ಕಣಕ್ಕಿಳಿಯುತ್ತಾರೆ. ಈಚಿನ ವರ್ಷಗಳಲ್ಲಿ ಎರಡು ಜೋಡಿಗಳ ಕಾಳಗ ವಾಡಿಕೆಯಾಗಿದೆ. ತಲೆ ಬೋಳಿಸಿ ನೆತ್ತಿಯ ಮೇಲೆ ಸಣ್ಣ ಜುಟ್ಟು ಉಳಿಸಿರುತ್ತಾರೆ. ಬಲಗೈಯ ಬೆರಳುಗಳಿಗೆ ಮೊನೆಗಳಿರುವ ಪಟ್ಟಿಯಂಥ ಆಯುಧ. ಅದೇ ವಜ್ರಮುಷ್ಟಿ. ಕೆಮ್ಮಣ್ಣಿನ ಕಣದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಹಿಡಿಯಲು, ಹಿಡಿತದಿಂದ ಜಾರಲು, ಎದುರಾಳಿಯ ತಲೆಗೆ ಮುಷ್ಟಿ ತಾಗಿಸಲು ಯತ್ನಿಸುತ್ತಾರೆ. ಯಾರದೇ ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಸುತ್ತ ನಿಂತ ಉಸ್ತಾದರು ನುಗ್ಗಿ ಇಬ್ಬರನ್ನೂ ಬಿಡಿಸುತ್ತಾರೆ. ಎಷ್ಟೋ ಸಲ ಇದೆಲ್ಲ ಒಂದು ನಿಮಿಷದೊಳಗೆ ಮುಗಿದುಹೋಗುತ್ತದೆ.

ನೋಡಿದವರಿಗೆ ಇದು ಬರೀ ರಕ್ತದ ಆಟವಾಗಿ ಕಾಣುವುದು ಸಹಜ. ಆದರೆ ಹಳೆಯ ಬರಹಗಳನ್ನು ಒಟ್ಟಿಗಿಟ್ಟು ನೋಡಿದರೆ, ಈ ರಕ್ತದ ಹಿಂದೆ ಒಂದು ಕಟ್ಟುನಿಟ್ಟಾದ ಲೆಕ್ಕಾಚಾರ ಕಾಣಿಸುತ್ತದೆ.

ಜೆಟ್ಟಿ ಎಂಬ ಹೆಸರು ‘ಜ್ಯೇಷ್ಠಿ’ಯಿಂದ ಬಂದದ್ದು. ಗುಜರಾತಿನ ಮೊಢೇರದ ಜ್ಯೇಷ್ಠಿಮಲ್ಲರಿಗೆ ‘ಮಲ್ಲಪುರಾಣ’ ಎಂಬ ತಮ್ಮದೇ ಸಂಸ್ಕೃತ ಪುರಾಣವಿದೆ. ಮಲ್ಲವಿದ್ಯೆಯನ್ನು ಕೃಷ್ಣನೇ ಅವರಿಗೆ ಕಲಿಸಿದ ಎಂಬುದು ಅದರ ನಂಬಿಕೆ. ಮೈಸೂರಿನ ಜೆಟ್ಟಿಗಳು ಪೂಜಿಸುವ ನಿಂಬುಜಾದೇವಿಗೂ ಗುಜರಾತಿನ ಮಲ್ಲರ ಲಿಂಬಜಾ ಮಾತೆಗೂ ಹೆಸರಿನಲ್ಲೇ ನಂಟಿದೆ. ಕನ್ನಡ ನಾಡಿನಲ್ಲಿ ಮಲ್ಲರ ಸಂಗತಿ ಇನ್ನೂ ಹಳೆಯದು. ಇಂದಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮಲ್ಲವಿನೋದ’ಕ್ಕೇ ಒಂದು ಅಧ್ಯಾಯ ಮೀಸಲು. ಮಲ್ಲರನ್ನು ಹೇಗೆ ದರ್ಜೆಗಳಾಗಿ ವಿಂಗಡಿಸಬೇಕು, ಅವರಿಗೆ ಏನು ಊಟ, ಎಂಥ ಅಭ್ಯಾಸ ಎಂಬ ವಿವರಗಳೆಲ್ಲ ಅದರಲ್ಲಿವೆ. ದೊರೆಗೆ ಕುಸ್ತಿ ನೋಡುವ ಖುಷಿಯಷ್ಟೇ ಸಾಲದು, ಸಮಬಲರ ಕುಸ್ತಿ ನೋಡುವ ಖುಷಿ ಬೇಕಿತ್ತು ಎಂಬುದು ಇದರಿಂದ ಸ್ಪಷ್ಟ.

ಸುಮಾರು 1520ರಲ್ಲಿ ಕೃಷ್ಣದೇವರಾಯನ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ಸಂಭ್ರಮವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಮಲ್ಲರ ಕಾಳಗ ಅವನನ್ನು ಬೆಚ್ಚಿಬೀಳಿಸಿತ್ತು. ತನ್ನ ನಾಡಿನ ಕುಸ್ತಿಯಂತಲ್ಲ ಇದು, ಹಲ್ಲು ಮುರಿಯುವ, ಕಣ್ಣು ಕೀಳುವ, ಮುಖ ಕೆಡಿಸುವ ಪೆಟ್ಟುಗಳಿವೆ. ಮಾತೂ ನಿಂತುಹೋದ ಜಟ್ಟಿಗಳನ್ನು ಗೆಳೆಯರು ಹೊತ್ತೊಯ್ಯುತ್ತಾರೆ ಎನ್ನುತ್ತಾನೆ. ಆದರೆ ಅದರ ಬೆನ್ನಿಗೇ ಇನ್ನೊಂದು ಸಂಗತಿಯನ್ನೂ ಗಮನಿಸಿದ್ದಾನೆ. ಮಲ್ಲರಿಗೆ ನಾಯಕರೂ ತೀರ್ಪುಗಾರರೂ ಇದ್ದರು. ಕಣದಲ್ಲಿ ಇಬ್ಬರನ್ನೂ ಸರಿಸಮನಾಗಿ ನಿಲ್ಲಿಸುವುದು, ಗೆದ್ದವನಿಗೆ ಸಲ್ಲಬೇಕಾದ ಮರ್ಯಾದೆಯನ್ನು ನಿಗದಿ ಮಾಡುವುದು ಅವರ ಕೆಲಸ. ಹಲ್ಲು ಮುರಿಯುವ ಕಾಳಗದಲ್ಲೂ ‘ಸರಿಸಮ’ ಎಂಬ ಮಾತಿಗೆ ಒಬ್ಬ ಅಧಿಕಾರಿ ಇದ್ದ ಎಂಬುದು ಗಮನಾರ್ಹ.

ವಿಜಯನಗರ ಕುಸಿದ ಮೇಲೆ ಮಹಾನವಮಿಯ ಪರಂಪರೆ ಶ್ರೀರಂಗಪಟ್ಟಣಕ್ಕೆ ಬಂತು. 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ರಾಜ ಒಡೆಯರು ಅದೇ ವರ್ಷ ಅಲ್ಲಿ ದಸರಾ ಆರಂಭಿಸಿದರು. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರಂತೂ ಸ್ವತಃ ಜಟ್ಟಿ ಎಂದೇ ಹೆಸರಾದವರು. ತಿರುಚಿರಾಪಳ್ಳಿಯಲ್ಲಿ ಯಾರಿಗೂ ಸೋಲದ ಮಲ್ಲನೊಬ್ಬ ಊರಬಾಗಿಲಿಗೆ ತನ್ನ ಚಲ್ಲಣವನ್ನು ತೂಗುಹಾಕಿ ಬಂದವರೆಲ್ಲ ಅದರಡಿ ತಲೆತಗ್ಗಿಸಿ ನಡೆಯುವಂತೆ ಮಾಡಿದ್ದ, ಕಂಠೀರವರು ವೇಷ ಮರೆಸಿಕೊಂಡು ಹೋಗಿ ಅವನನ್ನು ಮುಗಿಸಿ ಬಂದರು ಎಂಬ ಕಥೆಯನ್ನು ಹಳೆಯ ಮೈಸೂರಿನಲ್ಲಿ ಕೇಳದವರಿಲ್ಲ. 1960ರಲ್ಲಿ ರಾಜ್‌ಕುಮಾರ್ ನಟಿಸಿದ ‘ರಣಧೀರ ಕಂಠೀರವ’ ಚಿತ್ರ ಬಂದ ಮೇಲೆ ಕೇಳದೆ ಉಳಿದಿದ್ದವರೂ ಕೇಳಿದರು.

ಉಕ್ಕೋ, ಕೊಂಬೋ?

ವಜ್ರಮುಷ್ಟಿಯ ಆಕಾರದ ಬಗ್ಗೆ ನಮಗೆ ಸಿಗುವ ಎರಡು ಹಳೆಯ ವಿವರಗಳು ಇಬ್ಬರು ಇಂಗ್ಲಿಷರವು. ಅವು ಒಂದಕ್ಕೊಂದು ಹೊಂದುವುದಿಲ್ಲ ಎಂಬಲ್ಲಿಯೇ ಸ್ವಾರಸ್ಯವಿದೆ.

ಮೊದಲನೆಯವನು ಜೇಮ್ಸ್ ಸ್ಕರಿ. 1782ರಲ್ಲಿ ಫ್ರೆಂಚರ ಕೈಗೆ ಸಿಕ್ಕು, ಅವರಿಂದ ಹೈದರಾಲಿಯ ವಶಕ್ಕೆ ಬಂದು, ಸುಮಾರು ಹತ್ತು ವರ್ಷ ಮೈಸೂರು ರಾಜ್ಯದಲ್ಲಿ ಸೆರೆಯಾಳಾಗಿದ್ದವನು. 1824ರಲ್ಲಿ ಪ್ರಕಟವಾದ ತನ್ನ ಸೆರೆವಾಸದ ನೆನಪುಗಳಲ್ಲಿ ಜೆಟ್ಟಿಗಳನ್ನೂ ನೆನೆದಿದ್ದಾನೆ. ಅವನು ಕಂಡದ್ದು ಬಲಗೈ ಬೆರಳುಗಳ ಹಿಂಬದಿಯಲ್ಲಿ ಕೂರಿಸಿದ ನಾಲ್ಕು ಉಕ್ಕಿನ ಉಗುರುಗಳನ್ನು.

ಎರಡನೆಯವನು ಮಾರ್ಕ್ ವಿಲ್ಕ್ಸ್. ಟಿಪ್ಪು ಸುಲ್ತಾನನ ಪತನದ ನಂತರ, ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರಾಗಿದ್ದ ಕಾಲದಲ್ಲಿ ಮೈಸೂರಿನ ರೆಸಿಡೆಂಟ್ ಆಗಿದ್ದ ಸೇನಾಧಿಕಾರಿ. ಮೈಸೂರಿನ ಇತಿಹಾಸ ಬರೆದವನು. 1810ರಲ್ಲಿ ಹೊರಬಂದ ಆ ಗ್ರಂಥದ ಮೊದಲ ಸಂಪುಟದಲ್ಲಿ ಅವನು ದಸರಾ ಕಾಳಗದ ವರ್ಣನೆ ಕೊಡುತ್ತಾನೆ. ಅವನು ಹೇಳುವ ಆಯುಧ ಎಮ್ಮೆಯ ಕೊಂಬಿನದು. ಬೆರಳಿನ ಗೆಣ್ಣುಗಳಿಗೆ ಸರಿಯಾಗಿ ನಾಲ್ಕು ಚೂಪಾದ ಗುಬುಟುಗಳು. ಕಿರುಬೆರಳಿನ ತುದಿಯಲ್ಲಿ, ಉಳಿದವಕ್ಕೆ ಅಡ್ಡಲಾಗಿ, ಇನ್ನೂ ಹೆಚ್ಚು ಮುಂಚಾಚಿದ ಐದನೆಯದೊಂದು.

ಒಬ್ಬನಿಗೆ ಉಕ್ಕು, ಇನ್ನೊಬ್ಬನಿಗೆ ಕೊಂಬು. ಸೆರೆಯಾಳಿನ ಕಣ್ಣಿಗೆ ಎಲ್ಲವೂ ಉಕ್ಕಾಗಿ ಕಂಡಿರಬಹುದು ಎಂದು ತಳ್ಳಿಹಾಕುವುದು ಅಷ್ಟು ಸರಿಯಲ್ಲ. ವಜ್ರಮುಷ್ಟಿಯನ್ನು ಆನೆದಂತ, ಕೊಂಬು, ಲೋಹ ಎಲ್ಲದರಿಂದಲೂ ಮಾಡುತ್ತಿದ್ದರು. ಹೀಗೆ ವಸ್ತು ಬೇರೆ ಬೇರೆಯಾಗುವ ಸಾಧ್ಯತೆ ಇದ್ದಾಗಲೇ ಸಮತೆಯ ಪ್ರಶ್ನೆ ಏಳುವುದು. ಕೊಂಬಿನ ಮೊನೆ ಮೊಂಡಾಗುತ್ತದೆ. ಉಕ್ಕಿನ ಮೊನೆಯನ್ನು ಮಸೆದಷ್ಟೂ ಹರಿತ.

ವಿಲ್ಕ್ಸ್‌ನ ವರ್ಣನೆಯ ಬೆಲೆ ಇರುವುದು ಆಯುಧದ ಆಕಾರದಲ್ಲಲ್ಲ, ಅದನ್ನು ತೊಡುವ ಕ್ರಮದಲ್ಲಿ. ಈ ಸಾಧನವನ್ನು ಹಿಡಿಯಬೇಕಾದಂತೆ ಹಿಡಿದರೆ ಸಾಮಾನ್ಯ ಬಲದವನೂ ಒಂದೇ ಏಟಿಗೆ ಎದುರಾಳಿಯ ತಲೆ ಸೀಳಬಲ್ಲ ಎಂದು ಅವನು ಒಪ್ಪುತ್ತಾನೆ. ಆದರೆ ಜೆಟ್ಟಿಗಳು ಅದನ್ನು ಹಾಗೆ ಹಿಡಿಯುತ್ತಿರಲಿಲ್ಲ. ಬೆರಳುಗಳನ್ನು ಅದರೊಳಗೆ ತೂರಿಸಿ, ಬುಡದ ಗೆಣ್ಣಿಗೂ ಅದರ ಮುಂದಿನ ಗೆಣ್ಣಿಗೂ ಸರಿಮಧ್ಯದಲ್ಲಿ ಅಡ್ಡಲಾಗಿ ಕಟ್ಟುತ್ತಿದ್ದರು. ಅಲ್ಲಿ ಕಟ್ಟಿದ ಆಯುಧದಿಂದ ಬಲವಾಗಿ ಗುದ್ದಿದರೆ ಗುದ್ದಿದವನ ನಾಲ್ಕೂ ಬೆರಳುಗಳ ಬುಡದ ಕೀಲು ತಪ್ಪುವ ಅಪಾಯ.

ಇದರ ಮರ್ಮವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮುಷ್ಟಿ ಬಿಗಿದು ಗೋಡೆಗೆ ಗುದ್ದಿದರೆ ಪೆಟ್ಟಿನ ಹಿಮ್ಮೆಟ್ಟು ಬುಡದ ಗೆಣ್ಣಿನಿಂದ ಅಂಗೈಯ ಮೂಳೆಗಳಿಗೆ, ಅಲ್ಲಿಂದ ಮಣಿಕಟ್ಟಿಗೆ, ತೋಳಿಗೆ ನೇರವಾಗಿ ಹರಿಯುತ್ತದೆ. ಬೀದಿ ಜಗಳದಲ್ಲಿ ಬಳಸುವ ಲೋಹದ ಮುಷ್ಟಿಪಟ್ಟಿ ಅಪಾಯಕಾರಿಯಾಗುವುದು ಅದು ಅಂಗೈಗೆ ಒರಗಿ ನಿಲ್ಲುವುದರಿಂದ. ಹಿಮ್ಮೆಟ್ಟೆಲ್ಲ ಅಂಗೈಗೆ ಹೋಗುತ್ತದೆ, ಹಿಡಿದವನಿಗೆ ನೋವಿಲ್ಲ. ಜೆಟ್ಟಿಯ ವಜ್ರಮುಷ್ಟಿಗೆ ಅಂಥ ಒರಗು ಇಲ್ಲ. ಅದು ನಿಂತಿರುವುದು ಬೆರಳಿನ ನಡುವೆ. ಪೆಟ್ಟು ಜೋರಾದಷ್ಟೂ ಬೆರಳು ಹಿಂದಕ್ಕೆ ಮೀಟಿದಂತಾಗುತ್ತದೆ. ಗೀರಲು, ತಾಗಿಸಲು, ಸವರಿ ಕೊಯ್ಯಲು ಅಡ್ಡಿಯಿಲ್ಲ. ಬಡಿಯಲು ಹೋದರೆ ಬಡಿದವನೇ ಕೈ ಕಳೆದುಕೊಳ್ಳುತ್ತಾನೆ. ಅಂಕೆ ಮೀರಿದವನನ್ನು ಹಿಡಿಯಲು ಬೇರೆ ತೀರ್ಪುಗಾರ ಬೇಕಿಲ್ಲ. ಅವನ ಬೆರಳೇ ಸಾಕು.

ಹೊಡೆಯುವ ಜಾಗಕ್ಕೂ ಕಟ್ಟುಪಾಡಿತ್ತು. ವಿಲ್ಕ್ಸ್ ಪ್ರಕಾರ ತಲೆಗೆ ಮಾತ್ರ ಹೊಡೆಯಬಹುದು, ದೇಹದ ಬೇರೆಲ್ಲಿಗೂ ಇಲ್ಲ. ಕ್ರೂರವೆನಿಸುವ ಈ ನಿಯಮ ಒಂದು ದೃಷ್ಟಿಯಿಂದ ವಿವೇಕದ್ದು. ನೆತ್ತಿಯ ಚರ್ಮದಲ್ಲಿ ರಕ್ತನಾಳಗಳು ದಟ್ಟ. ಅದರಡಿಯಲ್ಲೇ ಗಟ್ಟಿ ತಲೆಬುರುಡೆ. ಚಿಕ್ಕ ಗೀರಾದರೂ ರಕ್ತ ಧಾರಾಳವಾಗಿ ಹರಿಯುತ್ತದೆ, ಆದರೆ ಗಾಯ ಆಳಕ್ಕಿಳಿಯುವುದು ಸುಲಭವಲ್ಲ. ಅದೇ ಮೊನೆ ಹೊಟ್ಟೆಗೋ ಕುತ್ತಿಗೆಗೋ ಇಳಿದರೆ ರಕ್ತ ಹೊರಗೆ ಕಾಣುವ ಮೊದಲೇ ಒಳಗೆ ಅನಾಹುತವಾಗಿರುತ್ತದೆ. ಬೋಳಿಸಿದ ತಲೆಯಲ್ಲಿ ರಕ್ತದ ಹನಿಯನ್ನು ಅಡಗಿಸಲಾಗದು. ಎದುರಾಳಿಗೆ ಹಿಡಿಯಲು ಕೂದಲೂ ಸಿಗದು. ಇಂದಿನ ‘ಮೊದಲ ರಕ್ತಕ್ಕೆ ಕಾಳಗ ಮುಗಿಯಿತು’ ಎಂಬ ನಿಯಮ ಸಾಧ್ಯವಾಗಿರುವುದು ಹೀಗೆ.

ವಿಲ್ಕ್ಸ್‌ನ ಕಾಲದಲ್ಲಿ ನಿಯಮ ಇಷ್ಟು ಮೃದುವಾಗಿರಲಿಲ್ಲ. ನೆತ್ತಿಯಿಂದ ಕಣದ ಮರಳಿನವರೆಗೆ ಇಬ್ಬರ ಮೈಮೇಲೂ ರಕ್ತ ಹರಿಯುವುದನ್ನು ಅವನು ಕಂಡಿದ್ದಾನೆ. ಕಾಳಗ ಅತಿಯಾಯಿತು ಎನಿಸಿದಾಗ ಅಥವಾ ಗೆಲುವು ನಿಚ್ಚಳವಾದಾಗ ಅರಸರ ಬಳಿಯಿದ್ದ ಮಧ್ಯಸ್ಥರು ಕಣಕ್ಕೆ ರುಮಾಲು, ನಿಲುವಂಗಿಗಳನ್ನು ಎಸೆಯುತ್ತಿದ್ದರು. ಅದೇ ನಿಲ್ಲಿಸುವ ಸನ್ನೆ, ಅದೇ ಉಡುಗೊರೆ. ಉಡುಗೊರೆ ಇಬ್ಬರಿಗೂ. ಸೋತವನನ್ನು ಬರಿಗೈಯಲ್ಲಿ ಕಳಿಸುತ್ತಿರಲಿಲ್ಲ. ಗೆದ್ದವನು ತಾನಿನ್ನೂ ದಣಿದಿಲ್ಲ ಎಂದು ತೋರಿಸಲು ನಾಲ್ಕೈದು ಲಾಗ ಹಾಕುತ್ತ ಕಣದಿಂದ ಹೊರನಡೆಯುತ್ತಿದ್ದ.

ಗೆಲುವಿನ ಬೆಲೆ ಮಾತ್ರ ದೊಡ್ಡದು. ಜೆಟ್ಟಿಗಳಲ್ಲಿ ಐದು ದರ್ಜೆಗಳಿದ್ದವು. ಗೆದ್ದವನಿಗೆ ಮೇಲಿನ ದರ್ಜೆಗೆ ಬಡ್ತಿ. ಮೊದಲ ದರ್ಜೆಯವರಿಗೆ ಪ್ರತ್ಯೇಕ ಸಂಭಾವನೆಗಳು. ವಯಸ್ಸಾದ ಮೇಲೆ ಅವರೇ ಕಾಳಗದ ಯಜಮಾನರಾಗಿ, ಯಾರಿಗೆ ಯಾರು ಜೋಡಿ ಎಂದು ನಿರ್ಧರಿಸುತ್ತಿದ್ದರು. ಮೊನೆ ಕೂದಲೆಳೆಯಷ್ಟು ಉದ್ದವಾದರೂ ಒಬ್ಬನ ಜೀವನೋಪಾಯವೇ ಇನ್ನೊಬ್ಬನ ಪಾಲಾಗುವ ವ್ಯವಸ್ಥೆ ಅದು. ಹಾಗಾಗಿಯೇ ತೀರ್ಪು ಹೇಳುವ ಅಧಿಕಾರ, ಆ ಮೊನೆಯನ್ನು ತಾವೂ ಕಟ್ಟಿಕೊಂಡು ತಾವೂ ತಲೆಗೆ ಏಟು ತಿಂದವರ ಕೈಯಲ್ಲಿತ್ತು.

ಬರೋಡದ ಇನ್ನೊಂದು ಮುಖ

ಕಟ್ಟುವ ಕ್ರಮ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಬರೋಡದಲ್ಲಿ ಸಾಕ್ಷಿ ಸಿಗುತ್ತದೆ. 1860ರ ದಶಕದಲ್ಲಿ ಖಂಡೇರಾವ್ ಗಾಯಕವಾಡರ ದರ್ಬಾರಿನಲ್ಲಿದ್ದ ಫ್ರೆಂಚ್ ಪ್ರವಾಸಿ ಲೂಯಿ ರೂಸ್ಲೆ ಅಲ್ಲಿ ಇಂಥದೇ ಉಗುರುಗಳ ಕುಸ್ತಿಯನ್ನು ನೋಡಿದ. ಹಿಂದೆ ಆ ಉಗುರುಗಳು ಹರಿತವಾದ ಉಕ್ಕಿನವಾಗಿದ್ದವು, ಆಗ ಸಾವು ಖಂಡಿತವಾಗಿತ್ತು. ಈಗ ಕೊಂಬಿನವು ಬಂದಿವೆ ಎಂದು ಅವನು ಬರೆಯುತ್ತಾನೆ. ವಸ್ತುವಿನ ಮಟ್ಟಿಗೆ ಸುಧಾರಣೆ ಆಗಿತ್ತು ಎಂದಾಯಿತು. ಆದರೂ ಆ ಕಾಳಗವನ್ನು ಒಮ್ಮೆ ನೋಡಿದವನು ಮತ್ತೆ ಆ ಕಡೆ ತಲೆಹಾಕಲಿಲ್ಲ. ಅಷ್ಟು ಹೇಸಿಗೆ ಹುಟ್ಟಿತ್ತು.

ಕಾರಣವನ್ನು ಅವನ ವರ್ಣನೆಯ ಒಂದು ಸಣ್ಣ ವಿವರದಲ್ಲೇ ಹುಡುಕಬಹುದು. ಬರೋಡದಲ್ಲಿ ಕೊಂಬಿನ ಉಗುರುಗಳನ್ನು ಬಿಗಿದ ಮುಷ್ಟಿಗೆ ತೊಗಲಿನ ಪಟ್ಟಿಯಿಂದ ಕಟ್ಟುತ್ತಿದ್ದರು. ಮೈಸೂರಿನದು ಬೆರಳಿನ ನಡುವೆ, ಬರೋಡದ್ದು ಮುಷ್ಟಿಯ ಮೇಲೆ. ಎರಡೂ ಕಡೆ ಕೊಂಬೇ, ಎರಡೂ ಕಡೆ ಬಲಗೈಯೇ. ಎರಡೂ ಕಡೆ ಇಬ್ಬರ ಆಯುಧವೂ ಸಮವೇ. ಆದರೆ ಒಂದು ಕಡೆ ಹೊಡೆತಕ್ಕೆ ಬೆರಳಿನ ಕಡಿವಾಣವಿತ್ತು, ಇನ್ನೊಂದು ಕಡೆ ಇರಲಿಲ್ಲ. ಆಯುಧಗಳು ಸಮವಾಗಿದ್ದರೆ ಆಟ ನ್ಯಾಯವಾಗುತ್ತದೆ ನಿಜ. ಆಡುವವರು ಬದುಕಿ ಉಳಿಯಲು ಅಷ್ಟು ಸಾಲದು.

ಅಚ್ಚಿಗೆ ಸಿಗುವುದು, ಸಿಗದಿರುವುದು

ಇಂಗ್ಲೆಂಡಿನವರು ಈ ಸಮಸ್ಯೆಯನ್ನು ಬಿಡಿಸಿದ ದಾರಿ ಬೇರೆ. 1771ರ ಸೆಪ್ಟೆಂಬರಿನಲ್ಲಿ ಚೆರ್ಟ್ಸಿ ಮತ್ತು ಹ್ಯಾಂಬಲ್ಡನ್ ತಂಡಗಳ ಪಂದ್ಯಕ್ಕೆ ಥಾಮಸ್ ವೈಟ್ ಎಂಬ ಆಟಗಾರ ವಿಕೆಟ್ಟಿನಷ್ಟೇ ಅಗಲದ ಬ್ಯಾಟು ಹಿಡಿದು ಬಂದ. ಆಗಿನ ನಿಯಮದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ. ತಮಾಷೆಯೆಂದರೆ ಪಂದ್ಯ ಗೆದ್ದದ್ದು ಎದುರಾಳಿ ಹ್ಯಾಂಬಲ್ಡನ್, ಅದೂ ಒಂದೇ ರನ್ನಿನಿಂದ. ಗೆದ್ದರೂ ಅವರು ಸುಮ್ಮನಾಗದೆ, ಬ್ಯಾಟಿನ ಅಗಲ ನಾಲ್ಕೂಕಾಲು ಅಂಗುಲ ಮೀರಬಾರದು ಎಂದು ಬರೆದು ಸಹಿ ಹಾಕಿದರು. ಅಳೆಯಲು ಕಬ್ಬಿಣದ ಅಚ್ಚನ್ನೂ ಮಾಡಿಸಿಟ್ಟರು. ಆ ನಾಲ್ಕೂಕಾಲು ಅಂಗುಲ, ಅಂದರೆ 108 ಮಿಲಿಮೀಟರ್, ಇಂದಿಗೂ ಬದಲಾಗಿಲ್ಲ.

ಅಗಲಕ್ಕೆ ಅಂಕೆ ಬಂತು, ದಪ್ಪಕ್ಕೆ ಬರಲಿಲ್ಲ. ಬ್ಯಾಟಿನ ಅಂಚುಗಳು ಉಬ್ಬುತ್ತ ಹೋಗಿ, ಅಂಚಿಗೆ ತಾಗಿದ ಚೆಂಡೂ ಬೌಂಡರಿ ದಾಟುವಂತಾದ ಮೇಲೆ, 2017ರ ಅಕ್ಟೋಬರ್ 1ರಿಂದ ದಪ್ಪ 67 ಮಿಲಿಮೀಟರ್, ಅಂಚು 40 ಮಿಲಿಮೀಟರ್ ಮೀರಬಾರದೆಂಬ ನಿಯಮ ಜಾರಿಗೆ ಬಂತು. ನಿಯಮವಿದ್ದರೂ ಮೈದಾನದಲ್ಲಿ ಅಳೆಯುವ ಪರಿಪಾಠ ಐಪಿಎಲ್‌ನಲ್ಲಿ ಗಟ್ಟಿಯಾದದ್ದು 2025ರಲ್ಲಿ. ಏಪ್ರಿಲ್ 13ರಂದು ಜೈಪುರದಲ್ಲಿ ನಮ್ಮ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ಫಿಲ್ ಸಾಲ್ಟ್ ಅವರ ಬ್ಯಾಟೂ ಅಚ್ಚಿನ ಪರೀಕ್ಷೆಗೆ ಒಳಗಾಯಿತು. ಎರಡು ದಿನಗಳ ನಂತರ ಮುಲ್ಲನ್‌ಪುರದಲ್ಲಿ ಕೋಲ್ಕತ್ತ ತಂಡದ ಸುನಿಲ್ ನರೇನ್ ಮತ್ತು ಆನ್ರಿಚ್ ನಾರ್ಕಿಯಾ ಅವರ ಬ್ಯಾಟುಗಳು ಅಚ್ಚಿನೊಳಗೆ ಹೋಗಲಿಲ್ಲ. ಬೇರೆ ಬ್ಯಾಟು ತರಿಸಿಕೊಳ್ಳಬೇಕಾಯಿತು. ಅಂದು 112 ರನ್ ಗುರಿ ಬೆನ್ನತ್ತಿದ ಆ ತಂಡ 95ಕ್ಕೆ ಉರುಳಿತು. ಅದಕ್ಕೆ ಬ್ಯಾಟನ್ನು ದೂರುವಂತಿರಲಿಲ್ಲ.

ಅಚ್ಚು ಅಳೆಯುವುದು ಆಕಾರವನ್ನು. ಆಯುಧದ ಬಲ ಆಕಾರದಲ್ಲೇ ಇದ್ದರೆ ಇದು ಸಾಕು. ಬಲ ಕಣ್ಣಿಗೆ ಕಾಣದ ಕಡೆ ಅಡಗಿದ್ದರೆ? ಪಿಕಲ್‌ಬಾಲ್ ಸಿಕ್ಕಿಬಿದ್ದಿರುವುದು ಈ ಗೋಜಿನಲ್ಲಿ. 1965ರಲ್ಲಿ ಅಮೆರಿಕದ ಬೇನ್‌ಬ್ರಿಜ್ ದ್ವೀಪದಲ್ಲಿ ಬೇಸಿಗೆಯ ಹೊತ್ತು ಕಳೆಯಲು ಹುಟ್ಟಿದ ಈ ಆಟವನ್ನು ಮೊದಲು ಆಡಿದ್ದು ಮರದ ಹಲಗೆಗಳಲ್ಲಿ. ಈಗಿನ ಪ್ಯಾಡಲ್‌ಗಳಿಗೆ ಒಳಗೆ ಜೇನುಗೂಡಿನಂಥ ಪ್ಲಾಸ್ಟಿಕ್ ತಿರುಳು, ಮೇಲೆ ಇಂಗಾಲದ ಎಳೆಗಳ ಹೊದಿಕೆ. ಉದ್ದ 17 ಅಂಗುಲ ಮೀರಬಾರದು, ಉದ್ದ ಅಗಲ ಕೂಡಿದರೆ 24 ಅಂಗುಲ ದಾಟಬಾರದು ಎಂಬುದನ್ನು ಹ್ಯಾಂಬಲ್ಡನ್ನಿನ ಕಬ್ಬಿಣದ ಅಚ್ಚೂ ಹೇಳೀತು. ಮೇಲ್ಮೈಯ ಒರಟುತನಕ್ಕೂ ಮಿತಿ ಇದೆ. ಒರಟಾದಷ್ಟೂ ಚೆಂಡು ಹೆಚ್ಚು ತಿರುಗುತ್ತದೆ. ಮಿತಿಯ ಲೆಕ್ಕ ಮಿಲಿಮೀಟರಿನ ಸಾವಿರದ ಒಂದು ಪಾಲಿನಲ್ಲಿ. ಅಂಥ 30 ಪಾಲು ಮೀರಿದರೆ ಪ್ಯಾಡಲ್ ಅನರ್ಹ. ಇದನ್ನು ಹೇಳಲು ಯಂತ್ರವೇ ಬೇಕು.

ನಿಜವಾದ ತೊಡಕು ಇರುವುದು ಇದಕ್ಕೂ ಆಚೆ. ಆಡುತ್ತ ಆಡುತ್ತ ಹೊದಿಕೆ ತಿರುಳಿನಿಂದ ಬಿಟ್ಟುಕೊಂಡರೆ ಪ್ಯಾಡಲ್ ಸ್ಪ್ರಿಂಗಿನಂತಾಗಿ ಚೆಂಡನ್ನು ಇನ್ನಷ್ಟು ವೇಗವಾಗಿ ಚಿಮ್ಮಿಸುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. 2023ರಲ್ಲಿ ವೃತ್ತಿಪರ ಪಂದ್ಯಗಳಲ್ಲಿ ಈ ದೂರು ಹೆಚ್ಚಾಯಿತು. ಎದುರಾಳಿ ಕೆಲವೇ ಅಡಿ ದೂರದಲ್ಲಿ ನಿಲ್ಲುವ ಆಟ; ಚೆಂಡು ಮುಖಕ್ಕೆ ಬರುವಾಗ ತಪ್ಪಿಸಿಕೊಳ್ಳಲು ಸಿಗುವ ಹೊತ್ತು ಕ್ಷಣಾರ್ಧ. 2024ರಲ್ಲಿ ಜೂಲಾ ಕಂಪನಿಯ ಹೊಸ ಪ್ಯಾಡಲ್‌ಗಳನ್ನು ಅಮೆರಿಕದ ಆಟದ ಸಂಸ್ಥೆ ಅನುಮೋದಿತ ಪಟ್ಟಿಯಿಂದ ಕೈಬಿಟ್ಟಾಗ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಪ್ಯಾಡಲ್ಲಿಗೆ ಬಡಿದ ಚೆಂಡು ಎಷ್ಟು ವೇಗದಲ್ಲಿ ಹಿಂದಿರುಗುತ್ತದೆ ಎಂದು ಅಳೆಯುವ ಪರೀಕ್ಷೆಗಳು ಆಮೇಲೆ ಬಂದವು. ಪ್ರಯೋಗಾಲಯದಲ್ಲಿ ಒಮ್ಮೆ ಪಾಸಾದರೆ ಸಾಲದು, ಪಂದ್ಯದ ಜಾಗದಲ್ಲೂ ಪರೀಕ್ಷೆಯಾಗಬೇಕು ಎಂಬ ಮಾತು ಗಟ್ಟಿಯಾಯಿತು. ಏಕೆಂದರೆ ಇಲ್ಲಿ ಆಯುಧ ಇಂದು ಇದ್ದಂತೆ ನಾಳೆ ಇರುವುದಿಲ್ಲ.

ಹ್ಯಾಂಬಲ್ಡನ್ನಿನವರು ವಸ್ತುವನ್ನು ಅಳೆದರು. ಪಿಕಲ್‌ಬಾಲಿನವರು ವಸ್ತುವಿನ ವರ್ತನೆಯನ್ನು ಅಳೆಯಲು ಹೆಣಗುತ್ತಿದ್ದಾರೆ. ಮೈಸೂರಿನ ಜೆಟ್ಟಿಗಳು ವಸ್ತುವನ್ನು ತೊಡುವ ಕೈಯನ್ನೇ ಅಳತೆಗೋಲು ಮಾಡಿಕೊಂಡಿದ್ದರು. ಈ ಮೂರನೆಯ ದಾರಿಯಲ್ಲಿ ದೋಷವಿಲ್ಲ ಎಂದಲ್ಲ. ಬೆರಳಿಗೆ ಕಟ್ಟುವವನು ಅರ್ಧ ಅಂಗುಲ ಹಿಂದಕ್ಕೆ ಸರಿಸಿ ಕಟ್ಟಿದರೆ ಮೈಸೂರು ಬರೋಡವಾಗಲು ಹೊತ್ತು ಬೇಕಿಲ್ಲ. ಅದನ್ನು ತಡೆಯಲು ಅಚ್ಚಿಲ್ಲ, ಯಂತ್ರವಿಲ್ಲ. ಇರುವುದು ಉಸ್ತಾದರ ಕಣ್ಣು ಮಾತ್ರ. ಇಡೀ ವ್ಯವಸ್ಥೆ ನಂಬಿಕೆಯ ಮೇಲೆ ನಿಂತಿದೆ. ಆ ನಂಬಿಕೆ ಉಳಿಯಲು, ಕಾದಾಡುವವರೂ ತೀರ್ಪು ಹೇಳುವವರೂ ಒಂದೇ ಕುಲದವರು, ಒಂದೇ ಗರಡಿಯ ಮಣ್ಣು ಮೆತ್ತಿಕೊಂಡವರು ಎಂಬುದು ಕಾರಣವಾಗಿರಬೇಕು. ಕೋಟಿ ಕೋಟಿ ಹಣ ಓಡಾಡುವ, ಆಟಗಾರನಿಗೂ ಕಂಪನಿಗೂ ಒಪ್ಪಂದವಿರುವ ಆಟಕ್ಕೆ ಈ ಉಪಾಯ ಒಗ್ಗುವುದು ಕಷ್ಟ.

ಆಯುಧದ ಮಾತು ಹಾಗಿರಲಿ, ಆಳಿನ ಮಾತೂ ಒಂದಿದೆ. ಮೊನೆಗಳು ಸಮವಾಗಿದ್ದು, ಹಿಡಿದವರು ಸಮವಾಗಿಲ್ಲದಿದ್ದರೆ ಏನು ಬಂತು? ಮೈಸೂರಿನಲ್ಲಿ ಇದಕ್ಕೆ ‘ಜೋಡಿ ಕಟ್ಟುವುದು’ ಎಂಬ ಚೆಂದದ ಮಾತಿದೆ. ದೊಡ್ಡಕೆರೆ ಮೈದಾನದ ಸಾಹುಕಾರ್ ಚೆನ್ನಯ್ಯ ಅಖಾಡದಲ್ಲಿ ನಡೆಯುವ ದಸರಾ ನಾಡಕುಸ್ತಿಗೆ ಮುಂಚಿತವಾಗಿಯೇ ಪೈಲ್ವಾನರನ್ನು ಕರೆಸಿ, ಮೈಕಟ್ಟು, ತೂಕ, ಅನುಭವ ನೋಡಿ ಇಂಥವನಿಗೆ ಇಂಥವನು ಎಂದು ಜೋಡಿ ಕಟ್ಟುತ್ತಾರೆ. ತೂಕದ ಯಂತ್ರವಿದ್ದರೂ ಹಳಬರು ಎದುರುಬದುರು ನಿಲ್ಲಿಸಿ ಹೆಗಲು, ತೊಡೆ ನೋಡದೆ ಬಿಡುವುದಿಲ್ಲ. ಪಾಯೆಸ್ ಕಂಡ ವಿಜಯನಗರದ ತೀರ್ಪುಗಾರರು ಮಾಡುತ್ತಿದ್ದದ್ದೂ, ವಿಲ್ಕ್ಸ್ ಕಂಡ ಮುದಿ ಜೆಟ್ಟಿಗಳು ಮಾಡುತ್ತಿದ್ದದ್ದೂ ಹೆಚ್ಚುಕಡಿಮೆ ಇದೇ ಕೆಲಸ.

ವಜ್ರಮುಷ್ಟಿಗೂ ಜೋಡಿಗಳು ಮೊದಲೇ ಗೊತ್ತಾಗಿರುತ್ತವೆ. 1971ರಲ್ಲಿ ಮಾಜಿ ಅರಸರ ರಾಜಧನ, ವಿಶೇಷಾಧಿಕಾರಗಳು ರದ್ದಾದ ಮೇಲೆ ಜಂಬೂಸವಾರಿ ಸರ್ಕಾರದ್ದಾಯಿತು, ಅಂಬಾರಿಯಲ್ಲಿ ಅರಸರ ಬದಲು ಚಾಮುಂಡೇಶ್ವರಿಯ ಮೂರ್ತಿ ಕುಳಿತಿತು. ಜೆಟ್ಟಿ ಕಾಳಗ ಮಾತ್ರ ಅರಮನೆಯೊಳಗೇ ಉಳಿಯಿತು. ಅದರಲ್ಲಿ ಗೆದ್ದರೆ ಈಗ ದರ್ಜೆ ಏರುವುದಿಲ್ಲ, ಉಂಬಳಿ ಸಿಗುವುದಿಲ್ಲ. ಆದರೂ ವಿಜಯದಶಮಿಗೆ ಮುನ್ನ ಜೆಟ್ಟಿ ಮನೆತನದ ಹುಡುಗರು ಗರಡಿಗೆ ಇಳಿಯುತ್ತಾರೆ, ತಲೆ ಬೋಳಿಸಿಕೊಳ್ಳುತ್ತಾರೆ, ಹಿರಿಯರ ಎದುರು ಬಲಗೈ ಚಾಚಿ ಬೆರಳಿಗೆ ಆಯುಧ ತೊಡುತ್ತಾರೆ. ಕಣದಲ್ಲಿ ರಕ್ತದ ಹನಿ ಕಂಡೊಡನೆ ಉಸ್ತಾದರು ಕೈ ಅಡ್ಡ ಹಿಡಿಯುತ್ತಾರೆ. ಅದಾದ ಮೇಲೆ ರಾಜಮನೆತನದ ವಿಜಯಯಾತ್ರೆ ಅರಮನೆ ಆವರಣದ ಭುವನೇಶ್ವರಿ ದೇವಾಲಯದತ್ತ, ಬನ್ನಿ ಪೂಜೆಗೆ ಹೊರಡುತ್ತದೆ.